ಎರಡೂವರೆ ಮೊಳ ಹುಸಿನೊಣ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಮನೆಗೆ ಫಜೀತಿಗಳು ಬರುತ್ತವೆ, ಅದೂ ನಾನು ಊರೂರು ಸುತ್ತಿ ಬಂದು ಚೀಲ ಕೆಳಗಿಡುವ ಮೊದಲೇ. ಪುಣೆಯಿಂದ ಪ್ರವಾಸಿಗರ ತಂಡ ಕಟ್ಟಿಕೊಂಡು ದೇಶದೇಶ ತಿರುಗಿಸಿ ತರುವುದು ನನ್ನ ಹೊಟ್ಟೆಪಾಡು. ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಹನ್ನೊಂದನೆಯ ದಿನಕ್ಕೆ ನನ್ನದೇ ಗೋಡೆ ನೋಡಿ ನನಗೆ ಬೇಸರ ಬರುತ್ತದೆ.

ಹೀಗೆ ತಿರುಗುವಾಗ ಸ್ಕಾಟ್ಲೆಂಡಿನಲ್ಲಿ ಒಮ್ಮೆ ಮೂರು ದಿನ ಬಿಡದೆ ಮಳೆ ಹಿಡಿಯಿತು. ನನ್ನ ತಂಡದವರು ಕೋಣೆಯಲ್ಲಿ ಕೂತು ಭಡಂಗ ಚುರುಮುರಿ ತಿನ್ನುತ್ತ ಇಸ್ಪೀಟು ಆಡಿದರು. ನಾನು ವಸತಿಗೃಹದ ಮುದುಕನ ಪಕ್ಕ ಕೂತು ಹುಸಿನೊಣ ಕಟ್ಟುವುದನ್ನು ಕಲಿತೆ. ಸಣ್ಣ ಗಾಳದ ಮೇಲೆ ಹುಂಜದ ಕತ್ತಿನ ಗರಿಯನ್ನು ದಾರದಿಂದ ಸುತ್ತಿ, ಇದು ನೊಣ ಅಂತ ಮೀನನ್ನು ನಂಬಿಸುವ ವಿದ್ಯೆ ಅದು. ಮೀನು ನಂಬಿ ಕಚ್ಚುತ್ತದೆ. ನಾವು ಎತ್ತಿ, ಮುಖ ನೋಡಿ, ಮತ್ತೆ ನೀರಿಗೆ ಬಿಡುತ್ತೇವೆ. ಇದನ್ನು ಕೇಳಿದ ನಮ್ಮ ಅವ್ವ, "ಮೀನಿಗೆ ಸುಳ್ಳು ಹೇಳಾಕ ಇಷ್ಟೆಲ್ಲ ಸಾಮಾನು ಬೇಕೇನ? ಮಂದಿಗೆ ಹೇಳಾಕ ಬರೇ ಬಾಯಿ ಸಾಕಾಗತದಲ್ಲ" ಅಂದಳು.

ಈ ವಿದ್ಯೆಗೆ ಒಂದು ಶಾಪ ಇದೆ. ಒಂದು ಹುಂಜದ ಕತ್ತಿನ ತುಂಬ ಗರಿ ಇದ್ದರೂ ನೊಣದ ಅಳತೆಗೆ ಹೊಂದುವ ಸಣ್ಣ ಗರಿ ಸಿಗುವುದು ಒಂದು ಹಿಡಿ ಮಾತ್ರ. ದೊಡ್ಡವೆಲ್ಲ ಉಳಿಯುತ್ತವೆ. ಅಷ್ಟು ಚೆಂದದ ಕಂದು, ಬೂದಿ, ಬಿಳಿ ಗರಿಗಳನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ. ಹಾಗಾಗಿ ಎರಡು ದಿಂಬಿನ ಚೀಲ ತುಂಬಿ ಕಟ್ಟಿಟ್ಟಿದ್ದೆ. ಮುಂದಿನ ಫಜೀತಿಗಳೆಲ್ಲ ಆ ಚೀಲಗಳಿಂದಲೇ ಹೊರಟವು.

೧. ಯಾರೂ ತಿನ್ನದ ವಸ್ತು

ಉಳಿದ ಗರಿಗೆ ನುಸಿ ಹಿಡಿದೀತು ಅಂತ ಒಂದು ಭಾನುವಾರ ಶಾಂಪೂ ಹಾಕಿ ತೊಳೆದು ಬಾಲ್ಕನಿಯಲ್ಲಿ ಹರವಿದೆ. ಗಾಳಿ ಬೀಸಿತು. ಕೆಳಗಿನ ಮನೆಯವರು ತಮ್ಮ ಬಾಲ್ಕನಿಯಲ್ಲಿ ಸಂಡಿಗೆ ಒಣಹಾಕಿದ್ದರು. ಅರ್ಧ ಗಂಟೆಯಲ್ಲಿ ಆ ಮನೆಯ ಯಜಮಾನರು, ಅಂದರೆ ನಮ್ಮ ಸೊಸೈಟಿಯ ಸೆಕ್ರೆಟರಿ ಕಾಕಾ, ನನ್ನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಒಂದು ಕಂದು ಗರಿ, ಕಂಕುಳಲ್ಲಿ ತಕರಾರು ಬರೆಯುವ ರಿಜಿಸ್ಟರು.

"ಮ್ಯಾಡಂ, ಆಪಲೀ ಸೊಸೈಟಿ ಪ್ಯೂರ್ ವೆಜ್ ಆಹೆ," ಅಂದರು.

ನಾನೂ ಮರಾಠಿಯಲ್ಲೇ ಹೇಳಿದೆ, "ಗರಿ ನಾನು ತಿನ್ನೋದಿಲ್ಲ ಕಾಕಾ."

"ಮತ್ತೆ ಯಾರು ತಿಂತಾರೆ?"

"ಮೀನು."

"ಅಂದರೆ ಮೀನು ಮನೆಗೆ..."

"ತರೋದಿಲ್ಲ. ಅಲ್ಲೇ ನೀರಿಗೆ ಬಿಟ್ಟು ಬರ್ತೀನಿ."

"ಅಂದರೆ ಮೀನು ಗರಿ ತಿಂದು ಹೋಗ್ತದೆ."

"ಅದೂ ತಿನ್ನೋದಿಲ್ಲ. ಬಾಯಿಗೆ ಹಾಕಿಕೊಂಡ ಮೇಲೆ ಅದಕ್ಕೂ ಗೊತ್ತಾಗ್ತದೆ."

ಕಾಕಾ ಕನ್ನಡಕ ಹಣೆಗೇರಿಸಿ ಯೋಚಿಸಿದರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ದುಡಿದವರು, ಲೆಕ್ಕದ ಯಾವ ಕಾಲಮ್ಮಿಗೂ ಸೇರದ ವಸ್ತುವನ್ನು ನೋಡಿದರೆ ಅವರಿಗೆ ತಲೆನೋವು ಬರುತ್ತದೆ. ಕೊನೆಗೆ ರಿಜಿಸ್ಟರು ತೆರೆದು ದುಂಡನೆಯ ಅಕ್ಷರದಲ್ಲಿ ಬರೆದರು: "ಸದರಿ ವಸ್ತುವನ್ನು ಯಾರೂ ತಿನ್ನುವುದಿಲ್ಲ. ತಕರಾರು ಮುಗಿಯಿತು." ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಎರಡು ಮೆಟ್ಟಿಲು ಇಳಿದವರು ತಿರುಗಿ ಬಂದು, ದನಿ ತಗ್ಗಿಸಿ ಕೇಳಿದರು. "ಮ್ಯಾಡಂ, ಸಂಡಿಗೆಗೆ ಶಾಂಪೂ ಯಾವುದು ತಾಗಿದೆ? ಮನೆಯಾಕೆ ಕೇಳ್ತಿದ್ದಾಳೆ. ಘಮ ಚೆನ್ನಾಗಿ ಬಂದದಂತೆ."

೨. ಗಂಡ ಕೊಟ್ಟ ಉಂಗುರ

ನಮ್ಮ ಬಿಲ್ಡಿಂಗಿನ ಎದುರು ಗುಡಿಯ ಮೂಲೆಯಲ್ಲಿ ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು ಹೂ ಮಾರುತ್ತಿದ್ದಳು. ಆ ಸಾಲಿನ ಮಿಕ್ಕವರೆಲ್ಲ ಸೂಜಿಯಿಂದ ಗಜರಾ ಪೋಣಿಸುತ್ತಿದ್ದರು. ಇವಳೊಬ್ಬಳು ನಮ್ಮ ಕಡೆಯ ರೀತಿ, ಸೂಜಿ ಇಲ್ಲದೆ, ಬೆರಳಲ್ಲೇ ಗಂಟು ಹಾಕಿ ಕಟ್ಟುತ್ತಿದ್ದಳು. ನೋಡುತ್ತ ನಿಂತರೆ ಬೆರಳು ಯಾವುದು, ದಾರ ಯಾವುದು ತಿಳಿಯುತ್ತಿರಲಿಲ್ಲ.

ರಸ್ತೆಯವರು ಬಂದು ಆ ಮೂಲೆ ಅಗೆದರು. ಹೂವಿನಾಕೆಯ ಜಾಗ ಹೋಯಿತು. ಗಂಡ ಕಟ್ಟಡದ ಕೆಲಸದವ. "ನೀನೂ ಇಟ್ಟಂಗಿ ಹೊರಲಿಕ್ಕ ಬಾ" ಅಂದನಂತೆ. ಅವಳ ಕುತ್ತಿಗೆಯ ಮೂಳೆ ಸವೆದಿತ್ತು. ತಲೆ ಮೇಲೆ ಕೊಡ ಸಹ ಹೊರಬೇಡ ಅಂತ ಡಾಕ್ಟರು ಹೇಳಿದ್ದರು. ಒಂದು ದಿನ ನನ್ನ ಮನೆಗೇ ಬಂದಳು.

"ಅಕ್ಕಾರ, ಕುಂತು ಮಾಡೋ ಕೆಲಸ ಏನರ ಅದ ಏನ್ರಿ? ನಿಂತು ಮಾಡೋದೂ ನಡೀತದ್ರಿ. ಹೊರೋದೊಂದು ಬ್ಯಾಡ್ರಿ."

ನನಗೆ ಅವಳ ಗಂಟು ನೆನಪಾಯಿತು. ಒಳಗೆ ಕರೆದು ನನ್ನ ಮೇಜು ತೋರಿಸಿದೆ. ಅದರ ಅಂಚಿಗೆ, ಗಾಳವನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ಉಕ್ಕಿನ ಹಿಡಿ ಬಿಗಿದಿದ್ದೆ. ವಿಮಾನದಲ್ಲಿ ಮೂರು ದೇಶ ದಾಟಿಸಿ, ಕಸ್ಟಮ್ಸಿನವರಿಗೆ ಇದು ಆಯುಧವಲ್ಲ ಅಂತ ತಿಳಿಹೇಳಿ ತಂದದ್ದು. ನಾನು ಕುರ್ಚಿ ಎಳೆದುಕೊಂಡು ಕೂತು ಒಂದು ಹುಸಿನೊಣ ಕಟ್ಟಿ ತೋರಿಸಿದೆ. ಹತ್ತು ನಿಮಿಷ ಹಿಡಿಯಿತು.

ಅವಳು ಸುಮ್ಮನೆ ನೋಡಿದಳು. ಕುರ್ಚಿಯಲ್ಲಿ ಕೂತು ಒಂದು ಸಲ ಪ್ರಯತ್ನಿಸಿದಳು. ದಾರ ಕಡಿಯಿತು. ಎದ್ದಳು. ನೆಲದ ಮೇಲೆ ಕಾಲು ಚಾಚಿ ಕೂತಳು. ಅವಳ ಕಾಲುಂಗುರ ಮೂರು ಸುತ್ತಿನದು, ಬಿಗಿಯಾದದ್ದು. ಆ ಸುತ್ತುಗಳ ನಡುವೆ ಗಾಳದ ಬಾಗನ್ನು ಸಿಕ್ಕಿಸಿದಳು. ಗಾಳ ಕದಲದೆ ನಿಂತಿತು. ಗರಿ ಇಟ್ಟಳು, ದಾರ ಸುತ್ತಿದಳು, ಬೆರಳಲ್ಲಿ ಗಂಟು ಹಾಕಿ ಎಳೆದಳು. ಎರಡು ನಿಮಿಷವೂ ಆಗಿರಲಿಲ್ಲ.

ನಾನು ಒಮ್ಮೆ ಉಕ್ಕಿನ ಹಿಡಿಯನ್ನು ನೋಡಿದೆ, ಒಮ್ಮೆ ಅವಳ ಕಾಲನ್ನು ನೋಡಿದೆ.

"ಹದಿನೆಂಟು ವರ್ಷ ಆತ್ರಿ ಅಕ್ಕಾರ ಮದಿವ್ಯಾಗಿ," ಅಂದಳು ಅವಳು, ಎರಡನೆಯ ಗಾಳಕ್ಕೆ ಕೈ ಹಾಕುತ್ತ. "ಆ ಮನಷ್ಯಾ ಕೊಟ್ಟಿದ್ದರಾಗ ಕೆಲಸಕ್ಕ ಬಂದದ್ದು ಇದೊಂದ ನೋಡ್ರಿ."

೩. ನೆನೆಹಾಕಿದ ಶಾವಿಗೆ

ಸಣ್ಣ ಗರಿ ತುಟ್ಟಿ. ಅದಕ್ಕೇ ಕಲಿಯುವವರೆಗೆ ದಿಂಬಿನ ಚೀಲದ ದೊಡ್ಡ ಗರಿ ಹಾಳುಮಾಡು ಅಂತ ಅವಳಿಗೆ ಕೊಟ್ಟೆ. ಮೊದಲ ದಿನ ಅವಳು ಕಟ್ಟಿದ್ದು ನೊಣದ ಹಾಗಿರಲಿಲ್ಲ, ಮುಂಜಾನೆ ಎದ್ದು ಕೂಗಲು ತಯಾರಾದ ಹುಂಜದ ಹಾಗಿತ್ತು.

"ಯವ್ವಾ, ಇಷ್ಟು ದೊಡ್ಡ ನೊಣ ಎಲ್ಲಿ ಇರತದ?" ಅಂದೆ.

"ಅಷ್ಟು ಸಣ್ಣದು ತಿಂದರ ಮೀನಿನ ಹೊಟ್ಟಿ ಎಲ್ಲಿ ತುಂಬತದ್ರಿ?" ಅಂದಳು.

ಆದರೆ ಅವಳು ಹೂವಿನಾಕೆ. ಸೇವಂತಿಗೆಯ ಎಸಳು ಉದುರಿದರೆ ಅದನ್ನೂ ಪುಡಿಕೆ ಕಟ್ಟಿ ಪೂಜೆಗೆ ಮಾರಿದವಳು. ಉಳಿದದ್ದನ್ನು ಹಾಳುಮಾಡು ಅಂದರೆ ಅವಳಿಗೆ ಅರ್ಥವೇ ಆಗಲಿಲ್ಲ. ದೊಡ್ಡ ಗರಿಯನ್ನು ಬಿಡಿಸಿ ನೋಡಿದಳು. ಬುಡದ ಮೆತ್ತನೆಯ ತುಪ್ಪಳವನ್ನು ದಾರಕ್ಕೆ ಹೊಸೆದು ನೊಣಕ್ಕೆ ಹೊಟ್ಟೆ ಮಾಡಿದಳು. ಉದ್ದನೆಯ ಎಳೆಗಳನ್ನು ಕಿತ್ತು, ಚಿಟಿಕೆಯಷ್ಟು ಸೇರಿಸಿ ಬಾಲ ಕಟ್ಟಿದಳು. ಅದೇ ಎಳೆಗಳನ್ನು ಅಳತೆಗೆ ಹಿಡಿದು ಸುತ್ತಲೂ ಹರಡಿ ಕಟ್ಟಿದರೆ ಸಣ್ಣ ಗರಿಯ ಕೆಲಸವೂ ಆಗುತ್ತಿತ್ತು. ಕೊನೆಗೆ ಉಳಿದ ಬೋಳು ಕಡ್ಡಿಯನ್ನು ನೀರಲ್ಲಿ ನೆನೆಸಿ ಗಾಳಕ್ಕೆ ಸುತ್ತಿದಳು. ಥೇಟ್ ಕೀಟದ ಮೈಯ ಹಾಗೆ ಪಟ್ಟೆ ಪಟ್ಟೆ ಬಂತು. ಸ್ಕಾಟ್ಲೆಂಡಿನ ಮುದುಕ ಇದನ್ನೆಲ್ಲ ನನಗೆ ಕಲಿಸಲು ಮೂರು ದಿನದ ಮಳೆ ಸಾಲದೆ ಪತ್ರ ಬರೆದು ಕಲಿಸಿದ್ದ. ನಾನು ಮರೆತಿದ್ದೆ.

ಇದಾದ ವಾರವೇ ನಾನು ಒಂದು ತಂಡವನ್ನು ವಿಯೆಟ್ನಾಮಿಗೆ ಕರೆದೊಯ್ದು ಬಂದೆ. ಮನೆಗೆ ತಲುಪಿದಾಗ ಮಧ್ಯಾಹ್ನ. ವಿಮಾನದಲ್ಲಿ ಉಪವಾಸ ಬಿದ್ದು ಹಸಿವು ಕಣ್ಣಿಗೇರಿತ್ತು. ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಬೋಗುಣಿಯಲ್ಲಿ ಹದವಾಗಿ ಹುರಿದ ಬಣ್ಣದ ಶಾವಿಗೆ ನೆನೆಹಾಕಿತ್ತು. ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ನಾನು ಬರುವುದು ಗೊತ್ತಿದ್ದು ಇಷ್ಟು ಮಾಡಿಟ್ಟಳಲ್ಲ ಅಂತ ನನ್ನ ಕಣ್ಣು ತುಂಬಿತು. ಎಣ್ಣೆ ಕಾಯಿಸಿದೆ. ಸಾಸಿವೆ ಸಿಡಿಯಿತು, ಕರಿಬೇವು, ಹಸಿಮೆಣಸಿನಕಾಯಿ ಬಿತ್ತು. ಬೋಗುಣಿಯ ನೀರು ಬಸಿದು ಬಾಣಲೆಗೆ ಸುರಿದೆ.

ಅಷ್ಟರಲ್ಲಿ ಅವಳು ಬಾಗಿಲು ತೆಗೆದು ಒಳಗೆ ಬಂದಳು. ಬಾಣಲೆ ನೋಡಿದಳು. "ಅಯ್ಯಯ್ಯೋ ಅಕ್ಕಾರ! ಕಡ್ಡೀರೀ ಅವು! ಗರೀ ಕಡ್ಡಿ!"

ಕೆಳಗಿನ ಮನೆಯ ಕಾಕಾ ಒಗ್ಗರಣೆಯ ವಾಸನೆ ಹಿಡಿದು ಕೂಗಿ ಕೇಳಿದರು. "ಏನು ಮಾಡ್ತಿದ್ದೀರಿ ಮ್ಯಾಡಂ? ಉಪ್ಪಿಟ್ಟೇ?" ಯಾರೂ ತಿನ್ನದ ವಸ್ತು ಅಂತ ಸಹಿ ಹಾಕಿಕೊಟ್ಟವಳು ನಾನು. ಏನಂತ ಹೇಳಲಿ?

೪. ಮೂರು ದಿನ ಬಾಡೂದಿಲ್ಲ

ಪುಣೆ ಹತ್ತಿರದ ಭೋರ್ ಕಡೆಯ ಹಿನ್ನೀರಿನ ದಂಡೆಯಲ್ಲಿ ಒಬ್ಬ ಮರಾಠಿ ಸಾಹೇಬರು ಮೀನು ಹಿಡಿಯುವವರಿಗಾಗಿ ಕ್ಯಾಂಪು ನಡೆಸುತ್ತಾರೆ. ನಗುವುದಿಲ್ಲ. ನಕ್ಕರೆ ಮೀನು ಓಡುತ್ತವೆ ಅಂತ ನಂಬಿದ ಹಾಗೆ ಇರುತ್ತಾರೆ. ಅವರಿಗೆ ಫೋನು ಮಾಡಿ, ಇಲ್ಲೇ ಒಬ್ಬಳು ಚೆನ್ನಾಗಿ ಹುಸಿನೊಣ ಕಟ್ಟುತ್ತಾಳೆ ಅಂದೆ. "ಹತ್ತು ಡಜನ್ ಕಟ್ಟಿಸಿ. ಭಾನುವಾರ ಬಂದು ನೋಡ್ತೀನಿ. ಹಿಡಿಸಿದರೆ ವರ್ಷಪೂರ್ತಿ ಅವರದೇ," ಅಂದರು.

ಹೂವಿನಾಕೆಗೆ ಇದನ್ನು ಹೇಳಿದಾಗ ಅವಳು ಹಿಗ್ಗಲಿಲ್ಲ. ಗಂಡ ಆಗಲೇ ಕೂಲಿಯವರ ಮುಕಾದಮನಿಗೆ ಮಾತು ಕೊಟ್ಟಿದ್ದ. ಆ ಭಾನುವಾರ ಕಳೆದು ಬರುವ ಗುರುವಾರದಿಂದ ಇಟ್ಟಂಗಿ. "ಬ್ಯಾರೆ ಕೆಲಸ ಸಿಕ್ಕಿತಂದ್ರ ಮಾತು ಹಿಂದ ತಗೋತೀನಿ ಅಂದಾರ್ರಿ. ಇಲ್ಲಂದ್ರ..." ಅಂತ ಕುತ್ತಿಗೆ ಸವರಿಕೊಂಡಳು.

ನನಗೆ ಅದೇ ವಾರ ಹಂಪಿಗೆ ಒಂದು ತಂಡ ಇತ್ತು. "ಹತ್ತು ಡಜನ್, ಒಂದಕ್ಕೊಂದು ಸಿಕ್ಕುಬೀಳದ ಹಾಗೆ ಚೆಂದಗೆ ಜೋಡಿಸಿ ಇಡು" ಅಂತ ಹೇಳಿ ಹೊರಟೆ. ಜೋಡಿಸುವುದು ಅಂದರೆ ಡಬ್ಬಿಯಲ್ಲಿ ಅಂತ ನಾನು ಹೇಳಲಿಲ್ಲ. ಅದನ್ನು ಬಿಡಿಸಿ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಭಾನುವಾರ ಬೆಳಿಗ್ಗೆ ಬಸ್ಸಿಳಿದು ಮನೆಗೆ ಬಂದರೆ ಸಾಹೇಬರು ಆಗಲೇ ಬಂದು ಸೋಫಾದ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಹೂವಿನಾಕೆ ಒಳಗಿನಿಂದ ಎರಡೂ ಕೈಯಲ್ಲಿ ಒಂದು ಬಾಳೆ ಎಲೆಯ ಪೊಟ್ಟಣ ಹಿಡಿದು ತಂದಳು. ಮೇಜಿನ ಮೇಲಿಟ್ಟು ಬಾಳೆ ನಾರು ಬಿಚ್ಚಿದಳು.

ಒಳಗಿದ್ದದ್ದು ಮಾಲೆ. ಎರಡು ಬಿಳಿ, ಎರಡು ಕಂದು, ಎರಡು ಬಿಳಿ, ಎರಡು ಬೂದಿ, ನಡುವೆ ಮರುಗದ ಹಾಗೆ ಒಂದೊಂದು ಹಸಿರು ನೂಲಿನ ಕುಚ್ಚು. ನೂರಿಪ್ಪತ್ತು ಹುಸಿನೊಣಗಳು, ಮುಳ್ಳೆಲ್ಲ ಒಂದೇ ಕಡೆಗೆ ಮುಖ ಮಾಡಿ, ಚಕ್ಕುಲಿ ಸುತ್ತಿದ ಹಾಗೆ ಸುತ್ತಿಕೊಂಡು ಕೂತಿದ್ದವು. ಯಾವ ದೇವರಿಗೆ ಹಾಕಿದರೂ ದೇವರು ಇಲ್ಲ ಅನ್ನುತ್ತಿರಲಿಲ್ಲ, ಚುಚ್ಚುವವರೆಗೆ.

ಸಾಹೇಬರು ಬಹಳ ಹೊತ್ತು ನೋಡಿದರು. "ಇದು ಎಷ್ಟು ಡಜನ್?"

"ಎರಡೂವರೆ ಮೊಳ ಅದ ಸಾಹೇಬ್ರ," ಅಂದಳು. ಅವಳ ಮರಾಠಿ ಕಲಬುರಗಿಯ ಮೇಲೆ ಹಾದು ಬರುತ್ತದೆ.

"ನಾನು ಡಜನ್ ಕೇಳಿದ್ದು."

"ಡಜನ್ ಬಾಳಿಹಣ್ಣಿಗೆ ಇರ್ತದ್ರಿ. ಕಟ್ಟಿದ್ದಕ್ಕ ಮೊಳಾನ."

ಹೋಯಿತು ಅಂದುಕೊಂಡೆ ನಾನು. ನನ್ನ ಕಣ್ಣೆದುರು ಇಟ್ಟಂಗಿ ಬುಟ್ಟಿ ಬಂತು. ಸಾಹೇಬರು ಬಾಗಿ ಒಂದು ಕಂದು ನೊಣವನ್ನು ಹಿಡಿದು ಮೆಲ್ಲಗೆ ಎಳೆದರು. ಅದೊಂದೇ ಸರ್ರನೆ ಕೈಗೆ ಬಂತು. ಮಿಕ್ಕವು ಕದಲಲಿಲ್ಲ. ಇನ್ನೊಂದನ್ನು ಎಳೆದರು. ಅದೂ ಬಂತು. ಅವರ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು. ಕ್ಯಾಂಪಿಗೆ ಬರುವವರ ಡಬ್ಬಿಯಲ್ಲಿ ಗಾಳಗಳೆಲ್ಲ ಒಂದಕ್ಕೊಂದು ಸಿಕ್ಕಿ ಉಂಡೆಯಾಗಿ, ಅವನ್ನು ಬಿಡಿಸುವುದರಲ್ಲೇ ತಮ್ಮ ಮುಂಜಾನೆ ಕಳೆಯುತ್ತದೆ ಅಂತ ನನಗೆ ಆಮೇಲೆ ಹೇಳಿದರು. ಈಗ ಮಾತ್ರ ಭೂತಗನ್ನಡಿ ತೆಗೆದು ನೊಣದ ಮೈ ನೋಡಿದರು.

"ಈ ಪಟ್ಟೆ ಯಾವುದರಿಂದ ಬಂತು?"

"ಉಳಿದ ಕಡ್ಡಿರಿ."

"ಬಾಲ?"

"ಉಳಿದ ಎಳಿರಿ."

"ಹೊಟ್ಟೆ?"

"ಅದೂ ಉಳಿದದ್ದ ರೀ. ಗಾಳ ಒಂದ ಹೊಸಾದು."

ಸಾಹೇಬರು ಭೂತಗನ್ನಡಿಯನ್ನು ಜೇಬಿಗೆ ಹಾಕಿದರು. "ನೀರಲ್ಲಿ ಬಿಟ್ಟು ನೋಡಿ ತಿಳಿಸ್ತೀನಿ," ಅಂತ ಎದ್ದರು. ಪೊಟ್ಟಣ ಕಟ್ಟುವಾಗ ಹೂವಿನಾಕೆ ಪಕ್ಕದ ಲೋಟಕ್ಕೆ ಕೈ ಅದ್ದಿ ಮಾಲೆಯ ಮೇಲೆ ಎರಡು ಸಲ ನೀರು ಚಿಮುಕಿಸಿಬಿಟ್ಟಳು. ವರ್ಷಗಟ್ಟಲೆಯ ಕೈ, ತಡೆಯುವವರು ಯಾರು? ಬಾಯಿಯೂ ತಾನಾಗಿ ನಡೆಯಿತು. "ಫ್ರಿಜ್‌ನಾಗ ಇಡ್ರಿ ಸಾಹೇಬ್ರ. ಮೂರು ದಿನ ಬಾಡೂದಿಲ್ಲ."

ಸಾಹೇಬರು ಆ ಒದ್ದೆ ಪೊಟ್ಟಣವನ್ನು ಅಂಗೈ ಮೇಲೆ ಇಟ್ಟುಕೊಂಡು ಸಾವಿನ ಮನೆಗೆ ಹೊರಟವರಂತೆ ಮೆಟ್ಟಿಲಿಳಿದರು.

ಸೋಮವಾರ ಸುದ್ದಿ ಇಲ್ಲ. ಮಂಗಳವಾರ ಇಲ್ಲ. ಅವಳು ದಿನಾ ಬಂದು ನೆಲದ ಮೇಲೆ ಕೂತು ಉಳಿದ ಗರಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಬುಧವಾರ ಸಂಜೆ ನಾಲ್ಕಕ್ಕೆ, "ನಾಳಿನ ಇಟ್ಟಂಗಿ ಬುಟ್ಟಿಗೆ ಸಿಂಬಿ ಸುತ್ತಲಿಕ್ಕ ಒಂದು ಹಳೇ ಸೀರಿ ಇದ್ದರ ಕೊಡ್ರಿ ಅಕ್ಕಾರ" ಅಂದಳು. ನಾನು ಕಪಾಟು ತೆರೆಯುವಷ್ಟರಲ್ಲಿ ಫೋನು ಬಂತು. ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ.

"ಮ್ಯಾಡಂ," ಅಂದರು ಸಾಹೇಬರು, ಅದೇ ಒಣದನಿಯಲ್ಲಿ. "ಮೂರು ದಿನ ಆಯ್ತು."

"ಹೌದು ಸಾಹೇಬ್ರೆ."

"ಫ್ರಿಜ್‌ನಲ್ಲೇ ಇಟ್ಟಿದ್ದೆ. ಬಾಡಿಲ್ಲ." ಆಚೆಯಿಂದ ಒಂದು ವಿಚಿತ್ರ ಸದ್ದು ಬಂತು. ಅವರು ನಗುತ್ತಿದ್ದಾರೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಮೀನಿಗೂ ಹಿಡಿಸಿದೆ. ಹತ್ತು ಮೊಳ ಕಳಿಸಿ. ಮುಂದಿನ ತಿಂಗಳು ಮತ್ತೆ ಹತ್ತು."

ನಾನು ಅವಳ ಮುಖ ನೋಡಿದೆ. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಫೋನಿನ ಮೇಲೆ ಬಾಗಿ, ಗಂಟಲು ಸರಿಮಾಡಿಕೊಂಡು ಅಂದಳು:

"ಎರಡು ತಿಂಗಳದ್ದು ಈಗೇ ಒಯ್ಯಿರಿ ಸಾಹೇಬ್ರ. ಗಣಪತಿ ಹತ್ತರ ಬಂತು, ಮೊಳದ ರೇಟು ಏರತದ."