ನಲವತ್ತೇಳನೇ ಪ್ರಶ್ನೆಯ ಹನ್ನೆರಡು ಹೆಂಗಸರು

ಇಂದ:
ಸಂಘಮಿತ್ರ,
ಭೇರ್ಯ ಹೋಬಳಿ, ಕೆ.ಆರ್. ನಗರ ತಾಲ್ಲೂಕು.
(ಆಕೆ ಹೇಳಿದಂತೆಯೂ, ಅಲ್ಲಲ್ಲಿ ಹೇಳದಿದ್ದರೂ ಬರೆದವರು: ಕರಿಯಯ್ಯ, ನಿವೃತ್ತ ಗುಮಾಸ್ತ, ಅದೇ ಊರು)

ಗೆ:
ಮಾನ್ಯ ಅಧ್ಯಕ್ಷರು,
ಅನುಪಾತ ಮತ್ತು ಬೀಜಗಣಿತ ಪ್ರಶ್ನೆಗಳ ರಚನಾ ಸಮಿತಿ,
ಹಾಸ್ಟೆಲ್ ಮೇಲ್ವಿಚಾರಕಿಯರ ನೇಮಕಾತಿ ಪರೀಕ್ಷೆ.

ವಿಷಯ: ಪ್ರಶ್ನೆ ಸಂಖ್ಯೆ 47ರ ಮೇಲಿನ ಆಕ್ಷೇಪಣೆ ಹಾಗೂ ಒಂದು ಅಂಕದ ಬಗ್ಗೆ.

ಉಲ್ಲೇಖ: 1) ತಾವು ಪ್ರಕಟಿಸಿದ ಸರಿಯುತ್ತರಗಳ ಪಟ್ಟಿ.
2) ಇದೇ ವಿಷಯವಾಗಿ ಅರ್ಜಿದಾರಳ ಅತ್ತೆ ಗದ್ದೆಯ ಬದುವಿನ ಮೇಲೆ ಆಡಿದ ಮಾತು.

ಮಾನ್ಯರೇ,

1. ಸದರಿ ಅರ್ಜಿದಾರಳು ಮೇಲ್ಕಂಡ ಪರೀಕ್ಷೆಯಲ್ಲಿ 59 ಅಂಕ ಪಡೆದಿರುತ್ತಾಳೆ. ಬೇಕಾಗಿದ್ದದ್ದು 60. ಈ ವರ್ಷಕ್ಕೆ ವಯೋಮಿತಿ ಮುಗಿಯುವ ಕಾರಣ ಆಕೆಗೆ ಮುಂದಿನ ಪರೀಕ್ಷೆ ಎಂಬುದಿಲ್ಲ. ಹಗಲು ಊರವರ ಗದ್ದೆಯಲ್ಲಿ ನಾಟಿ ಹಾಕಿ, ಸಂಜೆ ಕರಿಯಯ್ಯನವರ ಜಗಲಿಯಲ್ಲಿ ಎರಡು ವರ್ಷ ಲೆಕ್ಕ ಕಲಿತವಳು. ಎಕ್ಸ್ ಎಂದು ಭಾವಿಸಿ ಎಂದರೆ, ಯಾಕೆ ಭಾವಿಸಬೇಕೆಂದು ಕೇಳದೆ ಭಾವಿಸಿದವಳು. ಹಾಲಿಗೆ ನೀರು ಬೆರೆಸಿದವನ ಹೆಸರು ವಿಚಾರಿಸದೆ 7:2 ಎಂದು ಬರೆದು ಮುಂದಕ್ಕೆ ಹೋದವಳು. ಇಂಥ ವಿಧೇಯ ಅಭ್ಯರ್ಥಿ ತಮಗೆ ಸಿಗುವುದು ಕಷ್ಟ.

2. ಪ್ರಶ್ನೆ 47: "ಎಂಟು ಮಹಿಳೆಯರು ಇಪ್ಪತ್ತು ಗುಂಟೆ ಗದ್ದೆಯ ನಾಟಿಯನ್ನು ಆರು ಗಂಟೆಯಲ್ಲಿ ಮುಗಿಸಿದರೆ, ಹನ್ನೆರಡು ಮಹಿಳೆಯರು ಎಷ್ಟು ಗಂಟೆಯಲ್ಲಿ ಮುಗಿಸುತ್ತಾರೆ?" ಅರ್ಜಿದಾರಳು ಪಕ್ಕದ ಖಾಲಿ ಜಾಗದಲ್ಲಿ 4 ಎಂದು ಲೆಕ್ಕ ಮಾಡಿದ್ದಳು. ಆಮೇಲೆ ಅದನ್ನು ಹೊಡೆದುಹಾಕಿ "ಮೇಲಿನ ಯಾವುದೂ ಅಲ್ಲ" ಎಂಬುದಕ್ಕೆ ಶಾಯಿ ತುಂಬಿದಳು. ಕಾರಣ, ಆಕೆ ಹದಿನೈದು ವರ್ಷ ಕೆಸರಿನಲ್ಲಿ ನಿಂತವಳು. ಹನ್ನೆರಡು ಜನ ಇಳಿದರೂ ಪೈರಿನ ಕಟ್ಟು ಎಸೆಯುವವನು ಒಬ್ಬನೇ. ಸಾಲಿನಲ್ಲಿ ಎಲ್ಲರೂ ಒಟ್ಟಿಗೇ ಹಿಂದಕ್ಕೆ ಹೆಜ್ಜೆ ಇಡಬೇಕಾದ್ದರಿಂದ ಚುರುಕಿನವಳು ಸೋಮಾರಿಗೆ ಕಾಯಬೇಕು. ನಾಲ್ವರು ಹೆಚ್ಚಾದರೆ ನಾಲ್ಕು ಮನೆಯ ಸುದ್ದಿಯೂ ಹೆಚ್ಚುತ್ತದೆ. ಎಲೆ ಅಡಿಕೆಗೆ ಎರಡು ಸಲ ಬದು ಹತ್ತುವುದಂತೂ ಇದ್ದೇ ಇದೆ. ಇವೆಲ್ಲ ಸೇರಿ ಹನ್ನೆರಡು ಜನಕ್ಕೂ ಹೆಚ್ಚುಕಡಿಮೆ ಅದೇ ಆರು ಗಂಟೆ ಹಿಡಿಯುತ್ತದೆ. ಇವೊಂದೂ ಪ್ರಶ್ನೆಯಲ್ಲಿಲ್ಲ. ಆದ್ದರಿಂದ ಪ್ರಶ್ನೆ ಬರೆದವರು ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಎಂಬುದು ಕರಿಯಯ್ಯನವರ ಅಭಿಪ್ರಾಯ.

3. ಬಾಯಿಮಾತು ಸಾಕ್ಷಿಯಾಗದ ಕಾರಣ, ಅರ್ಜಿದಾರಳು ತನ್ನದೇ ಇಪ್ಪತ್ತು ಗುಂಟೆಯಲ್ಲಿ ಇದನ್ನು ಮಾಡಿ ತೋರಿಸಲು ತೀರ್ಮಾನಿಸಿದಳು. ಹೋದ ವರ್ಷ ಅಲ್ಲಿ ಎಂಟು ಜನ ಆರು ಗಂಟೆಯಲ್ಲೇ ಮುಗಿಸಿದ್ದರು. ಈ ಸಲ ಆಕೆಯ ಅತ್ತೆ, ನಾಟಿ ಗುಂಪಿನ ಮುಂದಾಳು ಚಿಕ್ಕಬಸಮ್ಮನವರು ಹನ್ನೆರಡು ಜನರನ್ನು ಕರೆತಂದರು. ಕರಿಯಯ್ಯ ಕೊಡೆ ಹಿಡಿದು, ಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಬದುವಿನ ಮೇಲೆ ನಿಂತರು. ಪರೀಕ್ಷೆ ಪ್ರಾಮಾಣಿಕವಾಗಿರಲೆಂದು, ಎಷ್ಟು ಹೊತ್ತಾಗಬೇಕೆಂಬುದನ್ನು ಅರ್ಜಿದಾರಳು ಯಾರಿಗೂ ಹೇಳಲಿಲ್ಲ. ಇದು ತನ್ನ ಕೆಲಸದ ವಿಚಾರ ಎಂದಷ್ಟೇ ಹೇಳಿದಳು. ತಪ್ಪಾದದ್ದು ಅಲ್ಲೇ.

4. ಹನ್ನೆರಡು ಜನರೂ ಬಗ್ಗಿದವರು ತಲೆ ಎತ್ತಲಿಲ್ಲ. ಯಾವ ಮನೆಯ ಸುದ್ದಿಯೂ ಬರಲಿಲ್ಲ. ಎಲೆ ಅಡಿಕೆಯ ಚೀಲ ಬದುವಿನ ಮೇಲೆ ಹಾಗೇ ಇತ್ತು. ಕಟ್ಟು ಎಸೆಯುವವನು ನಿಧಾನ ಮಾಡಿದಾಗ ಇಬ್ಬರು ತಾವೇ ಹೋಗಿ ಹೊತ್ತು ತಂದರು. ಅರ್ಜಿದಾರಳ ಮುಖ ಗಂಟೆ ಗಂಟೆಗೂ ಸಣ್ಣಗಾಯಿತು. ನಾಟಿ ಮುಗಿದಾಗ ಗಡಿಯಾರದಲ್ಲಿ ಆಗಿದ್ದುದು ಮೂರು ಗಂಟೆ ಐವತ್ತೆಂಟು ನಿಮಿಷ. ತಮ್ಮ ಸರಿಯುತ್ತರವನ್ನು ತನ್ನ ಗದ್ದೆಯಲ್ಲಿ ತಾನೇ ನೆಡಿಸಿಕೊಂಡ ಅರ್ಜಿದಾರಳು ಬದುವಿನ ಮೇಲೆ ಕೂತು ಅತ್ತಳು.

5. ವಿಷಯ ತಿಳಿದ ಮೇಲೆ ಚಿಕ್ಕಬಸಮ್ಮನವರು ಹೇಳಿದ್ದು: "ನಿಂಗೆ ಒಳ್ಳೇದಾಗ್ಲಿ ಅಂತ ಕಣವ್ವ ಎಲ್ರೂ ಬಾಯ್ ಮುಚ್ಕಂಡು ನೆಟ್ಟಿದ್ದು. ನಿಧಾನುಕ್ ನೆಡ್ಬೇಕು ಅಂತ ಮೊದ್ಲೇ ಏಳ್ಬಾರ್ದಿತ್ತಾ? ಓಗ್ಲಿ ಬುಡು, ಆರು ಗಂಟೆ ಅಂತ ಬರ್ಸು. ನಾವ್ ಅನ್ನೆರಡು ಜನಾನೂ ಎಬ್ಬೆಟ್ಟು ಒತ್ತೀವಿ."

"ಬ್ಯಾಡ ಅತ್ತೆ," ಎಂದಳು ಅರ್ಜಿದಾರಳು. "ನೀವು ನೆಟ್ಟಿದ್ದನ್ನ ಸುಳ್ಳು ಅಂತ ನಾನೆಂಗೆ ಬರ್ಸ್ಲಿ?"

ಆದ್ದರಿಂದ, ಆಕ್ಷೇಪಣೆಯನ್ನು ಅರ್ಜಿದಾರಳು ಈ ಮೂಲಕ ತಿದ್ದಿಕೊಂಡಿರುತ್ತಾಳೆ. ತಮ್ಮ ಉತ್ತರ ಸರಿಯಿರಬಹುದು. ಆದರೆ ಪ್ರಶ್ನೆ ಅಪೂರ್ಣ. ಇನ್ನು ಮುಂದೆ ಇಂಥ ಪ್ರಶ್ನೆಗಳಲ್ಲಿ ಗದ್ದೆ ಯಾರದು ಎಂಬುದನ್ನೂ ಕಡ್ಡಾಯವಾಗಿ ನಮೂದಿಸಬೇಕು. ಬೇರೆಯವರದಾದರೆ ಆರು ಗಂಟೆ, ಸಂಘಮಿತ್ರಳದಾದರೆ ನಾಲ್ಕು. ಗದ್ದೆ ಯಾರದೆಂದು ತಿಳಿಸದೆ ಕಿತ್ತುಕೊಂಡ ಒಂದು ಅಂಕದ ಬಗ್ಗೆ ತಾವೇ ಯೋಚಿಸತಕ್ಕದ್ದು.

ತಮ್ಮ ವಿಶ್ವಾಸಿ, ಒಂದು ಅಂಕದಷ್ಟು ದೂರದಿಂದ,
ಸಂಘಮಿತ್ರ

ಅಡಕಗಳು:
1. ಪ್ರವೇಶ ಪತ್ರದ ನಕಲು.
2. ನೆಟ್ಟದ್ದು ನಿಜವೆಂಬುದಕ್ಕೆ ಹನ್ನೆರಡು ಹೆಬ್ಬೆಟ್ಟುಗಳು (ಕೆಸರು ಒಣಗಿರುವುದಿಲ್ಲ, ಜೋಪಾನ).

ಬರೆದವರ ಟಿಪ್ಪಣಿ: ಮೂರು ಗಂಟೆ ಐವತ್ತೆಂಟು ನಿಮಿಷವೆಂದರೆ ನಾಲ್ಕಲ್ಲ, ಆದಕಾರಣ "ಮೇಲಿನ ಯಾವುದೂ ಅಲ್ಲ" ಎಂಬುದೇ ಸರಿ. ಈ ಎರಡು ನಿಮಿಷದ ಮಾತು ಕಿತಾಪತಿ ಅನ್ನಿಸುತ್ತದೆ, ಬರೆಯಕೂಡದೆಂದು ಅರ್ಜಿದಾರಳು ಖಡಾಖಂಡಿತವಾಗಿ ಹೇಳಿರುತ್ತಾಳೆ. ಆದ್ದರಿಂದ ತಾವು ಈ ಟಿಪ್ಪಣಿಯನ್ನು ಓದಿ ಒಂದು ಅಂಕ ಮಂಜೂರು ಮಾಡಿ, ಓದಿಲ್ಲವೆಂದು ಕಡತದಲ್ಲಿ ದಾಖಲಿಸಬೇಕಾಗಿ ಕೋರಿಕೆ.