ಫ್ಯಾನಿಗೆ ಜೋತುಬಿದ್ದವನು ಮತ್ತು ಹದಿನಾಲ್ಕು ಕುರಿಗಳು

ನಮ್ಮ ಲ್ಯಾಬಿನಲ್ಲಿ ನಗು ಬರುವಂಥ ಸಂಗತಿಗಳು ಆಗಾಗ ನಡೆಯುತ್ತವೆ. ನಡೆಯುವಾಗ ಮಾತ್ರ ಯಾರೂ ನಗುವ ಸ್ಥಿತಿಯಲ್ಲಿ ಇರುವುದಿಲ್ಲ.

ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು ನಮ್ಮದು. ಇರುವುದು ಮೂರೇ ಜನ: ಡಾಕ್ಟರು, ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಹಿರಿಯ ಟೆಕ್ನಿಷಿಯನ್ ಮೇಡಂ, ಬಿಎಸ್ಸಿ ಮುಗಿಸಿ ಸೇರಿದ ನಾನು. ನನಗೆ ಆರು ತಿಂಗಳ ಪರೀಕ್ಷಾ ಅವಧಿ, ಆಮೇಲೆ ಕಾಯಂ ಆರ್ಡರು. ಅಷ್ಟರೊಳಗೆ ಮೂರು ಎಚ್ಚರಿಕೆ ಬಿದ್ದರೆ ಮನೆಗೆ. ಎಚ್ಚರಿಕೆಗೆಂದೇ ಒಂದು ಪುಸ್ತಕ ಇದೆ. ಬರೆಯುವವರು ಮೇಡಂ, ಕೆಳಗೆ ಸಹಿ ಹಾಕುವವನು ನಾನು. ಐದು ತಿಂಗಳು ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಆರನೆಯ ತಿಂಗಳಲ್ಲಿ ನನಗೆ ಕಾಮಿಕ್ಸ್ ಸಿಕ್ಕಿತು.

ಹಗುರ ಕೈ

ಹುಡುಕಿದ್ದು ಬಿಳಿ ರಕ್ತಕಣದ ಚಿತ್ರವನ್ನು. ಮೊಬೈಲಿನಲ್ಲಿ ಬಂದದ್ದು ಯಾವುದೋ ದೇಶದ ಹಳೆಯ ಕಾಮಿಕ್ ಪುಟ. ಅದರಲ್ಲಿ ಒಬ್ಬ ಮನುಷ್ಯ ಕಣದಷ್ಟು ಸಣ್ಣವನಾಗಿ ರಕ್ತನಾಳದಲ್ಲಿ ಈಜುತ್ತಿದ್ದ. ಪಕ್ಕದಲ್ಲಿದ್ದ ಬಿಳಿ ಕಣದ ನ್ಯೂಕ್ಲಿಯಸ್ಸಿನ ಉಬ್ಬುಗಳನ್ನು ಎಣಿಸಿದೆ. ಮೂರು ಹಾಲೆ, ಸರಿಯಾಗಿತ್ತು. ಬರೆದವನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಿದ್ದಾನೆ ಎಂದು ಗೌರವ ಹುಟ್ಟಿತು.

ಅಂದಿನಿಂದ ಊಟದ ಬಿಡುವಿನಲ್ಲಿ ದಿನಕ್ಕೆ ಇಪ್ಪತ್ತು ಪುಟ. ಕಪ್ಪನ್ನು ಎಲ್ಲಿ ತುಂಬುತ್ತಾರೆ, ಎಲ್ಲಿ ಖಾಲಿ ಬಿಡುತ್ತಾರೆ, ಎರಡು ಚೌಕಗಳ ನಡುವಿನ ಬಿಳಿ ಸಂದಿಯಲ್ಲಿ ಹೊತ್ತು ಹೇಗೆ ಕಳೆಯುತ್ತದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹೀಗೆ ಹುಡುಕುವಾಗ ಹೆಸರಿಲ್ಲದ ಒಂದು ಕನ್ನಡ ಖಾತೆ ಸಿಕ್ಕಿತು. ದಿನಕ್ಕೆ ಒಂದೇ ಚೌಕ, ಮಧ್ಯಾಹ್ನ ಎರಡಕ್ಕೆ. ಕಪ್ಪು ಗೆರೆ, ನೇರಳೆ ನೆರಳು. ಗುಡ್ಡ ನಮ್ಮ ಗುಡ್ಡ, ಬಂಡೆ ನಮ್ಮ ಬಂಡೆ. ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಗಾಳಿ ಫ್ಯಾನನ್ನು ಒಬ್ಬ ಹತ್ತುತ್ತಿದ್ದಾನೆ. ಒಂಬತ್ತನೆಯ ದಿನ ಅವನ ಕಾಲು ಜಾರಿತು. ರೆಕ್ಕೆಗೆ ಒಂದೇ ಕೈಯಲ್ಲಿ ಜೋತುಬಿದ್ದ.

ಹತ್ತನೆಯ ದಿನ ಎರಡು ಗಂಟೆಗೆ ಸರಿಯಾಗಿ ಬಾಗೂರಿನಿಂದ ಒಬ್ಬ ಅಜ್ಜಿ ಬಂದರು. ಸೂಜಿ ಎಂದರೆ ಬಹಳ ಭಯ. ಕಣ್ಣು ಬಿಗಿಯಾಗಿ ಮುಚ್ಚಿ ತೋಳು ಚಾಚಿದರು. ಸ್ಪಿರಿಟ್ ಹತ್ತಿ ಒರೆಸಿದೆ. ಟ್ರೇಯಲ್ಲಿದ್ದ ಮೊಬೈಲು ಮಿನುಗಿತು. ಅವನ ಕಿರುಬೆರಳೂ ಜಾರಿತ್ತು. ಎಷ್ಟು ಹೊತ್ತು ನೋಡಿದೆನೋ.

ಅಜ್ಜಿ ಹತ್ತಿ ಒತ್ತಿಕೊಂಡು ಕಣ್ಣು ಬಿಟ್ಟರು. "ನಿನ್ ಕೈ ಬಾಳ ಹಗುರ ಐತೆ ಕಣಪ್ಪ. ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ನಿಮ್ಮವ್ವನ ಹೊಟ್ಟೆ ತಣ್ಣಗಿರ್ಲಿ" ಎಂದು ಚೀಲ ಎತ್ತಿಕೊಂಡು ಹೊರಟರು.

ನಾನು ಇನ್ನೂ ಚುಚ್ಚಿರಲಿಲ್ಲ.

ಮೇಡಂ ಹಿಂದೆ ನಿಂತಿದ್ದರು. ಅಜ್ಜಿಯನ್ನು ವಾಪಸ್ ಕೂರಿಸಿ, ಎಚ್ಚರಿಕೆ ಪುಸ್ತಕ ತೆಗೆದರು. ಮೊದಲನೆಯದು.

ಮಾವ ನೋಡಿದ ಚಿತ್ರ

ನನ್ನ ಸೋದರಮಾವ ಜವನಗೊಂಡನಹಳ್ಳಿ ಕಡೆ ಕುರಿ ಕಾಯುತ್ತಾರೆ. ಸಕ್ಕರೆ ಪರೀಕ್ಷೆಗೆ ಬಂದರು. ಊಟ ಆಗಿ ಎರಡು ಗಂಟೆ ಕಾಯಬೇಕು. ಕೂತು ಕಾಯುವುದು ಅವರ ಜಾಯಮಾನವಲ್ಲ. ಹತ್ತು ನಿಮಿಷಕ್ಕೊಮ್ಮೆ "ಆಯ್ತೇನಲೇ?" ಎನ್ನುತ್ತಿದ್ದರು. ಸುಮ್ಮನಿರಲಿ ಎಂದು ಆ ದಿನದ ಚೌಕ ತೋರಿಸಿದೆ. ಮೇಲೆ ಜೋತುಬಿದ್ದವನು, ಕೆಳಗೆ ಒಂದು ಕುರಿ ಹಿಂಡು.

ಮಾವ ಮೊಬೈಲನ್ನು ಮುಖದಿಂದ ದೂರ ಹಿಡಿದು ನೋಡಿದರು. ಮನುಷ್ಯನ ಕಡೆ ಕಣ್ಣೇ ಹೋಗಲಿಲ್ಲ.

"ಇದನ್ ಬರ್ದೋನಿಗೆ ಕುರಿ ಗೊತ್ತಿಲ್ಲ."

"ಯಾಕೆ ಮಾವ?"

"ನೆರಳು ಕಾಲಡಿ ಐತೆ. ಅಂದ್ರೆ ನಡು ಮಧ್ಯಾಹ್ನ. ಆ ಬಿಸಿಲಾಗೆ ಕುರಿ ಹಿಂಗ್ ಬಿಡಿಬಿಡಿ ನಿಂತಾವೇನಲೇ? ಒಂದರ ಹೊಟ್ಟೆ ಕೆಳಗೆ ಒಂದು ತಲೆ ಇಟ್ಕಂಡು ಗುಂಪಾಗ್ತಾವೆ. ಇವನು ಬೆಳಿಗ್ಗೆ ಹೊತ್ತು ಬಸ್ಸಿನ ಕಿಟಕಿಯಾಗೆ ನೋಡ್ಯಾನೆ. ಇಳಿದು ನೋಡಿಲ್ಲ."

ಅದನ್ನು ಹಾಗೇ ಚಿತ್ರದ ಕೆಳಗೆ ಬರೆದು ಕಳಿಸಿದೆ. ಅಷ್ಟರಲ್ಲಿ ಮಾವನಿಗೆ ಕಾವೇರಿತ್ತು. ಎದ್ದು ನಿಂತು, ಹಿಂಡು ಹೇಗೆ ನಿಲ್ಲುತ್ತದೆ ಎಂದು ಬೆಂಚಿನ ಮೇಲಿದ್ದ ಮೂವರು ರೋಗಿಗಳನ್ನು ಅಕ್ಕಪಕ್ಕ ನಿಲ್ಲಿಸಿ ತೋರಿಸತೊಡಗಿದರು. "ನೀವು ಕುರಿ ಆಗ್ರಿ. ತಲೆ ಬಗ್ಗಿಸ್ರಿ. ಹ್ಞಾ, ಹಂಗೆ."

ಗದ್ದಲ ಕೇಳಿ ಡಾಕ್ಟರು ಬಾಗಿಲು ತೆರೆದರು. ಬಿಪಿ ತೋರಿಸಲು ಬಂದ ಹೊಸದುರ್ಗದ ಮೇಷ್ಟ್ರು ಒಬ್ಬರು ಇನ್ನೊಬ್ಬರ ಹೊಟ್ಟೆಯ ಬಳಿ ತಲೆ ಇಟ್ಟು ನಿಂತಿದ್ದರು. ಡಾಕ್ಟರು ಬಾಗಿಲು ಮುಚ್ಚಿಕೊಂಡರು. ಸಂಜೆ ಎರಡನೆಯ ಎಚ್ಚರಿಕೆಗೆ ಸಹಿ ಹಾಕಿದೆ.

ಮರುದಿನದ ಚೌಕದಲ್ಲಿ ಕುರಿಗಳು ಗುಂಪಾಗಿ, ಹೊಟ್ಟೆಯ ಕೆಳಗೆ ತಲೆ ಇಟ್ಟು ನಿಂತಿದ್ದವು. ಮಾವನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಈಗ ಸರಿ ಐತೆ. ಮ್ಯಾಲಿರೋನ್ನ ಬೇಗ ಇಳಿಸಾಕೆ ಹೇಳು. ಕುರಿ ತಾವ ಯಾರೂ ಇಲ್ಲ."

ನೇರಳೆ

ಕಫ, ಕೀವಿನ ಸ್ಲೈಡಿಗೆ ಬಣ್ಣ ಹಾಕಲು ನಾವು ಕ್ರಿಸ್ಟಲ್ ವೈಲೆಟ್ ಬಳಸುತ್ತೇವೆ. ಗಾಢ ನೇರಳೆ ದ್ರಾವಣ. ಆ ಬಾಟಲಿ ನನ್ನ ಜವಾಬ್ದಾರಿ. ಪ್ರತಿ ಸಂಜೆ ಲೇಬಲ್ಲಿನ ಮೇಲೆ ಪೆನ್ಸಿಲಿನಿಂದ ಮಟ್ಟ ಗುರುತಿಸುತ್ತೇನೆ. ಆ ವಾರ ಬಣ್ಣ ಹಾಕಿದ್ದು ಹನ್ನೆರಡು ಸ್ಲೈಡಿಗೆ. ಮಟ್ಟ ಮಾತ್ರ ಮೂವತ್ತಕ್ಕಾಗುವಷ್ಟು ಇಳಿದಿತ್ತು.

ಡಾಕ್ಟರಿಗೆ ನಾನೇ ಹೇಳಿದೆ. ಹೇಳಬಾರದಿತ್ತು.

"ಯಾರು ಚೆಲ್ಲಿದ್ದು?"

"ಗೊತ್ತಿಲ್ಲ ಸರ್."

"ಬಾಟಲಿ ನಿನ್ನದು. ಶುಕ್ರವಾರದೊಳಗೆ ತಿಳ್ಕೊಂಡು ಹೇಳು. ಇಲ್ಲ ಅಂದ್ರೆ ಮೂರನೇದು ಬರೀಬೇಕಾಗುತ್ತೆ."

ನಾಲ್ಕು ದಿನ ಇತ್ತು. ಸಮಾಧಾನಕ್ಕೆ ಕಾಮಿಕ್ ತೆರೆದರೆ ಅಲ್ಲಿ ಅವನು ಇನ್ನೂ ಜೋತಾಡುತ್ತಿದ್ದ. ಈಗ ಗಾಳಿಯೂ ಎದ್ದಿತ್ತು. ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕೂತೆ. ನೇರಳೆ ದಪ್ಪವಾಗಿ ಒಣಗಿದ ಕಡೆ ಅಂಚಿನಲ್ಲಿ ಹಸಿರು ಬೆರೆತ ಚಿನ್ನದ ಹೊಳಪಿತ್ತು. ಚಿತ್ರದ ಶಾಯಿಗೆ ಆ ಹೊಳಪು ಇರುವುದನ್ನು ನಾನು ಕಂಡಿಲ್ಲ. ನನ್ನ ಉಗುರಿನ ಸಂದಿಯಲ್ಲಿ ದಿನಾ ಕಾಣುತ್ತೇನೆ.

ಕಾಗದ ತೆಗೆದು ಪಟ್ಟಿ ಮಾಡಿದೆ. ಭಾನುವಾರ ಚೌಕ ಬರುವುದಿಲ್ಲ. ಮೇಡಂ ಮದುವೆಗೆಂದು ರಜೆ ಹಾಕಿದ ದಿನವೂ ಬರಲಿಲ್ಲ. ಮಧ್ಯಾಹ್ನ ಎರಡು ಅಂದರೆ ಅವರ ಊಟ ಮುಗಿಯುವ ಹೊತ್ತು. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಕುರಿ ನೋಡುವವರು ನಮ್ಮಲ್ಲಿ ಅವರೊಬ್ಬರೇ.

ಕೊನೆಗೆ ಎಚ್ಚರಿಕೆ ಪುಸ್ತಕ ತೆರೆದು, ಚಿತ್ರದೊಳಗಿನ ಮಾತುಗಳ ಪಕ್ಕದಲ್ಲಿಟ್ಟು ನೋಡಿದೆ. ಒಂದೇ ಕೈಬರಹ. ಅಕ್ಷರ ಬಹಳ ಚೆನ್ನಾಗಿದೆ ಎಂದು ಎರಡು ಸಲವೂ ಸಹಿ ಹಾಕುವಾಗಲೇ ಅನ್ನಿಸಿತ್ತು.

ಶುಕ್ರವಾರ

ಹೇಳಿದರೆ ಮೇಡಂ ಮರ್ಯಾದೆ ಹೋಗುತ್ತದೆ, ಕಥೆಯೂ ನಿಲ್ಲುತ್ತದೆ. ಹೇಳದಿದ್ದರೆ ನಾನು ಹೋಗುತ್ತೇನೆ. ಊಟದ ಹೊತ್ತಿಗೆ ಅವರ ಎದುರು ಹೋಗಿ ಕೂತೆ. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು.

"ಮೇಡಂ, ಕುರಿ ಈಗ ಸರಿಯಾಗಿವೆ."

ಚಮಚ ಅರ್ಧಕ್ಕೆ ನಿಂತಿತು. "ಅದನ್ ಬರ್ದು ಕಳಿಸಿದ್ದು ನೀನೇ ಇರ್ಬೇಕು ಅಂತ ಅವತ್ತೇ ಅನ್ನಿಸ್ತು."

"ಹೇಳಿದ್ದು ನಮ್ಮ ಮಾವ."

"ಅವತ್ತು ಇಡೀ ಹಿಂಡು ಅಳಿಸಿ ಮತ್ತೆ ಬರ್ದೆ ಮಾರಾಯ." ಆಮೇಲೆ ದನಿ ತಗ್ಗಿಸಿ, "ಬಾಟಲಿ ವಿಷ್ಯ ತಾನೇ? ನಾನು ಮುಟ್ಟೋದು ಅವಧಿ ಮುಗಿದು ಎಸೆಯೋಕೆ ಇಟ್ಟ ಬಾಟಲಿ ಮಾತ್ರ. ಶೆಲ್ಫಿನ ಎಡಗಡೆ ತುದೀಲಿರುತ್ತೆ. ಹನ್ನೊಂದು ವರ್ಷದಿಂದ ಅದರ ಜಾಗ ಅಲ್ಲೇ."

ನಾನು ಶೆಲ್ಫಿನ ಕಡೆ ನೋಡಿದೆ. ಎರಡು ವಾರದ ಹಿಂದೆ ನಾನು ಶೆಲ್ಫನ್ನು ಕ್ರಮಬದ್ಧವಾಗಿ ಜೋಡಿಸಿದ್ದೆ. ಅವಧಿ ಮುಗಿದದ್ದನ್ನು ಬಲಕ್ಕೆ ಸರಿಸಿ, ಹೊಸದನ್ನು ಎಡ ತುದಿಗೆ ಇಟ್ಟಿದ್ದೆ. ಅವರು ಅಭ್ಯಾಸಬಲದಿಂದ, ನೋಡದೆ, ಎಡಕ್ಕೆ ಕೈ ಹಾಕಿದ್ದಾರೆ. 'ಲೇಬಲ್ ಓದದೆ ಬಾಟಲಿ ಮುಟ್ಟಬೇಡಿ' ಎಂದು ಅದೇ ಶೆಲ್ಫಿಗೆ ಅಂಟಿಸಿದ ಚೀಟಿಯೂ ಅವರದೇ ಕೈಬರಹ.

"ಜೋಡಿಸಿದ್ದು ನಾನು ಮೇಡಂ."

"ಜೋಡಿಸೋನು ಒಂದ್ ಮಾತು ಹೇಳ್ಬಾರ್ದಾ?" ಎಂದು ಎದ್ದು, ಚೀಲದಿಂದ ಚಿತ್ರಗಳ ದಪ್ಪ ಪುಸ್ತಕ ತೆಗೆದು, ಸೀದಾ ಡಾಕ್ಟರ ಕೋಣೆಗೆ ನಡೆದರು. ನಾನೂ ಹಿಂದೆ ಹೋದೆ.

ಎಲ್ಲ ಹೇಳಿದರು. ಡಾಕ್ಟರು ಪುಸ್ತಕ ತೆಗೆದುಕೊಂಡು, ಡ್ರಾಯರಿನಿಂದ ಭೂತಗನ್ನಡಿ ತೆಗೆದರು. ಸ್ಲೈಡ್ ನೋಡುವ ಹಾಗೆ ಒಂದೊಂದೇ ಚೌಕ ನೋಡಿದರು. ಹೊರಗೆ ಯಾರೋ ಕೆಮ್ಮಿದರು.

"ಬಣ್ಣ ಎಲ್ಲೂ ಹರಡಿಲ್ಲ" ಎಂದರು ಕೊನೆಗೆ. "ಸ್ಲೈಡಿನ ಮೇಲೂ ಹೀಗೇ ಹಾಕೋಕೆ ಇವನಿಗೆ ಕಲಿಸಿ. ಅವಧಿ ಮುಗಿದದ್ದರ ಮೇಲೆ ಕೆಂಪು ಪಟ್ಟಿ ಸುತ್ತಿ, ಅದನ್ನ ನೀವು ತಗೊಳ್ಳಿ."

ಹೊರಡಲು ತಿರುಗಿದೆ. ಅವರು ಇನ್ನೊಮ್ಮೆ ಬಗ್ಗಿದರು.

"ಜೋತಾಡ್ತಿರೋನು ಯಾರು? ಎಲ್ಲೋ ನೋಡಿದ ಹಾಗಿದೆ."

ಮೇಡಂ ನನ್ನನ್ನು ನೋಡಿದರು. ಡಾಕ್ಟರೂ ನೋಡಿದರು. ನಾನು ಚಿತ್ರ ನೋಡಿದೆ. ಜೇಬಿನಲ್ಲಿ ಮೂರು ಪೆನ್ಸಿಲು. ಬಲಗೈಗೆ ಗಡಿಯಾರ. ಎರಡೂ ನನ್ನವೇ. ಗೆರೆ, ನೆರಳು, ಸಂದಿ ಎಂದು ಹತ್ತೊಂಬತ್ತು ಚೌಕಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಮುಖದ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಪಾಪ, ಯಾವಾಗ ಇಳಿಸ್ತೀರಿ ಇವನ್ನ?" ಎಂದರು ಡಾಕ್ಟರು.

"ಅದು ನನ್ ಕೈಯಾಗಿಲ್ಲ ಸರ್. ನೀವು ಆರ್ಡರ್ ಕೊಟ್ಟ ದಿನ ಇಳೀತಾನೆ."

ಸೋಮವಾರ ಆರ್ಡರು ಕೈಗೆ ಬಂತು. ಎರಡು ಗಂಟೆಯ ಚೌಕದಲ್ಲಿ ಅವನು ನೆಲದ ಮೇಲೆ ನಿಂತಿದ್ದ, ಸುತ್ತ ಕುರಿಗಳು. ಮಾವನಿಗೆ ಕಳಿಸಿ, ಫೋನ್ ಮಾಡಿ, ಅದು ನಾನೇ ಎಂದೂ, ಕೆಲಸ ಕಾಯಂ ಆಯಿತೆಂದೂ ಹೇಳಿದೆ.

"ನೀನೇ ಅಂತ ಮೊದ್ಲೇ ಗೊತ್ತಿತ್ತು ಕಣಲೇ. ಕುರಿ ಬಿಟ್ಟು ಮರ ಹತ್ತೋನು ನಮ್ ವಂಶದಾಗೆ ನೀನೊಬ್ಬನೇ" ಎಂದರು. ಆಮೇಲೆ ಚಿತ್ರ ನೋಡತೊಡಗಿದರೆಂದು ಕಾಣುತ್ತದೆ. ಶಹಭಾಸ್ ಎನ್ನುತ್ತಾರೆ ಎಂದುಕೊಂಡೆ.

"ಲೇ ಅಳಿಯ."

"ಹೇಳಿ ಮಾವ."

"ಅವತ್ತು ಹದಿನಾಲ್ಕು ಇದ್ವು. ಈಗ ಹನ್ನೆರಡೇ ಅವೆ. ನೀನು ಮ್ಯಾಲೆ ಜೋತಾಡ್ತಿದ್ದಾಗ ಎರಡು ಎತ್ಲಾಗೆ ಹೋದ್ವು?"

ಎಣಿಸಿದೆ. ಹನ್ನೆರಡೇ ಇದ್ದವು.