ಇಬ್ಬರು ಗುರುಗಳ ಮಾತ್ರೆ

ಶ್ರಾವಣದ ಸೋಮವಾರ ಎಲ್ಲವೂ ಫಳಫಳ ಹೊಳೆಯಲಿ ಎಂದು ಓಂಕಾರ್ ಔಷಧಿಯ ಡಬ್ಬಿಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ. ಅನರ್ಥ ಶುರುವಾದದ್ದು ಅಲ್ಲಿಂದ.

ಕಾಶಿಯ ಜಂಗಮವಾಡಿಯ ಗಲ್ಲಿಯಲ್ಲಿ ಕನ್ನಡದ ಹಿರಿಯರಿಗೆಂದು ಇದ್ದ ಪುಟ್ಟ ವೃದ್ಧಾಶ್ರಮ ಅದು. ಮಾತ್ರೆ ಕೊಡುವುದು ಓಂಕಾರನ ಕೆಲಸ. ಪ್ರತಿಯೊಬ್ಬರಿಗೂ ಒಂದೊಂದು ಡಬ್ಬಿ, ಮೇಲೆ ಶಾಯಿಯಲ್ಲಿ ಹೆಸರು. ಒರೆಸಿದ ರಭಸಕ್ಕೆ ಗುರುಶಾಂತಯ್ಯನವರ ಡಬ್ಬಿಯಲ್ಲಿ ಶಾಂತಯ್ಯ ಅಳಿಸಿಹೋದರು, ಗುರುಪ್ರಕಾಶರ ಡಬ್ಬಿಯಲ್ಲಿ ಪ್ರಕಾಶ ಆರಿಹೋಯಿತು. ಎರಡರ ಮೇಲೂ ‘ಗುರು’ ಮಾತ್ರ ಉಳಿಯಿತು. ಓಂಕಾರ್ ಅದನ್ನು ಗಮನಿಸಿದ್ದು ಇಬ್ಬರಿಗೂ ಮಾತ್ರೆ ಕೊಟ್ಟು ಬಂದ ಮೇಲೆ.

ಗುರುಶಾಂತಯ್ಯನವರಿಗೆಂದು ತೆಗೆದ ಡಬ್ಬಿಯೊಳಗಿನ ಸ್ಟ್ರಿಪ್ ತಿರುಗಿಸಿ ಓದಿದ. ಸಕ್ಕರೆ ಕಾಯಿಲೆಯದು! ಅದು ಗುರುಪ್ರಕಾಶರ ಮಾತ್ರೆ. ಗುರುಶಾಂತಯ್ಯನವರಿಗೆ ಇರುವುದು ಬಿಪಿ ಒಂದೇ. ಮೇಲಾಗಿ ಅವರಿಗೆ ಇವತ್ತು ಉಪವಾಸ. ಕರ್ನಾಟಕದ ಶ್ರಾವಣವನ್ನೂ ಬಿಡದ, ಹದಿನೈದು ದಿನ ಮೊದಲೇ ಶುರುವಾಗುವ ಕಾಶಿಯ ಸಾವನವನ್ನೂ ಬಿಡದ ಹಟವಾದಿ. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ ಬಿದ್ದರೆ ಏನಾಗುತ್ತದೆಂದು ನೆನೆದದ್ದೇ ಓಂಕಾರ್ ಡಬ್ಬಿ ಹಿಡಿದುಕೊಂಡೇ ಎದ್ದ.

ಮೊದಲು ಗುರುಪ್ರಕಾಶರ ಕೋಣೆಗೆ ಓಡಿದ. ಅವರದನ್ನಾದರೂ ಅವರಿಗೆ ಕೊಟ್ಟುಬಿಟ್ಟರೆ ಅರ್ಧ ತಪ್ಪು ಸರಿಹೋಯಿತಲ್ಲ!

“ಅಜ್ಜಾ, ಇದೊಂದು ಮಾತ್ರೆ ತಗೊಳ್ರಿ, ಜಲ್ದಿ.”

“ಮತ್ತೊಂದ? ಅಲ್ಲೋ ತಮ್ಮಾ, ಆಗಲೇ ನಾನು...”

“ಅರೇ, ಮಾತು ಆಮ್ಯಾಲ!” ಎಂದು ತೆರೆದ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, ಓಂಕಾರ್ ಹೊರಗೋಡಿದ.

ಆಶ್ರಮದವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಕೌಸಲ್ಯಾ ಮೈಸೂರಿನವರು, ಮನೆ ಕಾಶಿಯದೇ ಲಂಕಾ ಬಡಾವಣೆಯಲ್ಲಿ. ಫೋನಿನಲ್ಲಿ ಓಂಕಾರ್ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ.

“ಮೊದಲು ಸಕ್ಕರೆ ನೀರು ಕುಡಿಸಿ. ಪಕ್ಕ ಬಿಟ್ಟು ಕದಲಬೇಡಿ. ಬೆವರು, ನಡುಕ, ಮಾತು ತೊದಲೋದು, ಯಾವುದು ಕಂಡ್ರೂ ಫೋನ್ ಮಾಡಿ. ಸಕ್ಕರೆ ನೋಡೋ ಮಿಷನ್ ಇದೆಯಲ್ಲ?”

“ಮಿಷನ್ ಐತಿ ಮೇಡಂ. ಅದಕ್ಕ ರಕ್ತ ಹಚ್ಚೂ ಪಟ್ಟಿ ಮುಗದಾವ.”

ಆ ಕಡೆ ಒಂದು ನಿಟ್ಟುಸಿರು. “ನಾನು ಹೊರಟೆ. ಆದ್ರೆ ರಸ್ತೆ ತುಂಬ ಗಂಗೆ ನೀರಿನ ಕಾವಡಿ ಹೊತ್ತವರು. ಆಟೋ ಬಿಡ್ತಿಲ್ಲ, ನಡೆದೇ ಬರಬೇಕು.”

ಓಂಕಾರ್ ಪೇಟೆಗೆ ನುಗ್ಗಿ ಪೇಡಾ, ಪಾಕದಲ್ಲಿ ಅದ್ದಿದ ಲವಂಗಲತಾ ತಂದ. ಸಕ್ಕರೆ ನೀರನ್ನೂ ಹಿಡಿದು ಗುರುಶಾಂತಯ್ಯನವರ ಮುಂದೆ ನಿಂತ. ನಿಜ ಹೇಳಿದರೆ ಅವರ ಬಿಪಿ ಏರುತ್ತದೆ, ಹೇಳದಿದ್ದರೆ ಸಕ್ಕರೆ ಇಳಿಯುತ್ತದೆ.

“ಅಯ್ಯನವರ, ಒಂಚೂರು ಬಾಯಿ ಸಿಹಿ ಮಾಡ್ಕೊಳ್ರಿ.”

“ಬುದ್ಧಿ ಐತೇನ ನಿನಗ? ಬೆಳಗಿನ ಗುಳಿಗಿ ಒಂದ ಬಿಟ್ಟರ ಸಂಜಿ ಪೂಜೆ ಆಗೂತನಕ ಹನಿ ನೀರೂ ಮುಟ್ಟಾಂಗಿಲ್ಲ. ತಗೊಂಡ ಹೋಗು!”

ಓಂಕಾರ್ ಸಿಹಿಯ ಪೊಟ್ಟಣವನ್ನು ಅಡುಗೆಮನೆಯಲ್ಲಿಟ್ಟು ತಲೆ ಹಿಡಿದುಕೊಂಡ. ಫೋನಿನ ಮಾತನ್ನು ಗೋಡೆಯಾಚೆಯಿಂದ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಪಕ್ಕದ ಕೋಣೆಯ ಅಜ್ಜಿ ನೀಲಗಂಗಮ್ಮ ಅಲ್ಲಿಗೆ ಬಂದರು. ಆಶ್ರಮದಲ್ಲಿ ಯಾರಿಗೆ ಸೀನು ಬಂದರೂ ಮೊದಲು ಮೂಗು ಒರೆಸುವವರು ಅವರು.

“ಅಯ್ಯನವರು ತಗೊಳ್ಳವಲ್ರು ಅಂದ್ರ ನಾನಿದ್ದೀನಲ್ಲ. ತೀರ್ಥ ಅಂತ ಕೊಡೂಣು. ತೀರ್ಥಕ್ಕ ಯಾರೂ ಒಲ್ಲೆ ಅನ್ನಂಗಿಲ್ಲ.”

ಬಟ್ಟಲು ತುಂಬ ಸಿಹಿ ತೀರ್ಥ ಸಿದ್ಧವಾಯಿತು. ಓಂಕಾರ್ ಎರಡೂ ಕೈಯಲ್ಲಿ ಹಿಡಿದು ಹೋದ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಗುರುಶಾಂತಯ್ಯನವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ನೀಲಗಂಗಮ್ಮನೂ ಬೆವರುತ್ತಿದ್ದರು, ಓಂಕಾರನಂತೂ ಸೋರುವ ಮಾಡಿನಂತೆ ತೊಟ್ಟಿಕ್ಕುತ್ತಿದ್ದ. ಆದರೆ ಅವನಿಗೆ ಕಂಡದ್ದು ಅಯ್ಯನವರ ಬೆವರು ಮಾತ್ರ.

“ತೀರ್ಥ ತಗೊಳ್ರಿ, ಕೈ ಮುಗೀತೀನಿ!”

“ಪೂಜೆ ಮಾಡದ ತೀರ್ಥ ಮುಟ್ಟೂದು ನಮ್ಮ ಪದ್ಧತಿ ಅಲ್ಲ. ತಂದೀಯಲ್ಲ, ಚೆಲ್ಲಬ್ಯಾಡ, ನೀನ ಕುಡಿ.”

ಅವರ ನೋಟಕ್ಕೆ ಹೆದರಿ ಓಂಕಾರ್ ಬಟ್ಟಲನ್ನು ಗಟಗಟ ಬರಿದು ಮಾಡಿದ. ಬಾಗಿಲಲ್ಲಿದ್ದ ನೀಲಗಂಗಮ್ಮ ತಡೆಯಲು ಕೈ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಓಂಕಾರ್ ಸ್ವಲ್ಪ ಹೊತ್ತು ಅಯ್ಯನವರ ಮುಖವನ್ನೇ ನೋಡುತ್ತ ಕೂತ. ಅವರು ಕಣ್ಣು ಮುಚ್ಚಿದರೆ ಎದೆ ಧಸಕ್ಕೆನ್ನುವುದು, ತೆರೆದರೆ ಹಾಯೆನಿಸುವುದು. ಒಮ್ಮೆ ಮುಚ್ಚಿದವರು ತೆರೆಯಲೇ ಇಲ್ಲ. ಓಂಕಾರ್ ಕಿರುಚಿಕೊಂಡು ಅವರ ಕಾಲು ಹಿಡಿದ.

“ಅಯ್ಯನವರ! ತಪ್ಪಾತು! ಬೆಳಿಗ್ಗೆ ನಿಮಗ ಪ್ರಕಾಶಜ್ಜರ ಸಕ್ಕರಿ ಗುಳಿಗಿ ಕೊಟ್ಟೀನಿ!”

ಗುರುಶಾಂತಯ್ಯ ಒಂದೇ ಕಣ್ಣು ತೆರೆದರು. “ಧ್ಯಾನ ಕೆಡಿಸಿದೆಲ್ಲೋ! ನನಗ ಗೊತ್ತೈತಿ. ನನ್ನ ಗುಳಿಗಿ ಬಣ್ಣ ನನಗ ತಿಳಿಯೂದಿಲ್ಲೇನು? ಪ್ರಕಾಶಗ ಅವನದು ಕೊಟ್ಟೆ, ನನ್ನದು ನಾ ಇಸಗೊಂಡೆ. ನಿನ್ನ ಯಾರರ ಬೈದಾರು ಅಂತ ಸುಮ್ಮನಿದ್ವಿ.”

ಓಂಕಾರನ ಮುಖ ಅರಳಿತು. ಅರಳಿದ್ದು ಹಾಗೆಯೇ ಕಲ್ಲಾಯಿತು. ಅಂದರೆ ಬೆಳಗಿನದೂ ಸೇರಿ ಗುರುಪ್ರಕಾಶರ ಹೊಟ್ಟೆಯಲ್ಲಿ ಈಗ ಸಕ್ಕರೆ ಇಳಿಸುವ ಎರಡು ಮಾತ್ರೆ!

ಕೋಣೆಯಲ್ಲಿ ಅವರಿಲ್ಲ. ಅಂಗಳದಲ್ಲಿಲ್ಲ. ಬಾಗಿಲಾಚೆ ‘ಬೋಲ್ ಬಮ್’ ಎನ್ನುವ ಕಾವಡಿಯವರ ಜನಸಾಗರ. ಅಲ್ಲೆಲ್ಲಾದರೂ ಕುಸಿದಿದ್ದರೆ? ಓಂಕಾರ್ ಹೆಸರು ಕೂಗುತ್ತ ಮೇಲೆ ಕೆಳಗೆ ಓಡಾಡಿ, ಕೊನೆಗೆ ಅಡುಗೆಮನೆಯ ಕದ ದೂಡಿದ. ಗುರುಪ್ರಕಾಶರು ನೆಲದ ಮೇಲೆ ಕೂತಿದ್ದರು. ಅಂಗಿ ಒದ್ದೆ, ಬೆರಳುಗಳಲ್ಲಿ ಇನ್ನೂ ಸಣ್ಣ ನಡುಕ. ತೊಡೆಯ ಮೇಲೆ ಖಾಲಿ ಪೊಟ್ಟಣ.

“ಕೈ ನಡಗಾಕ ಹತ್ತಿತು. ಸಕ್ಕರಿ ಇಳದೈತಿ ಅಂತ ತಿಳೀತು. ಇಲ್ಲಿ ಸಿಹಿ ಕಂಡ್ತು, ತಿಂದೆ.” ಪಾಕ ಮೆತ್ತಿದ ಮೀಸೆ ಒರೆಸಿಕೊಂಡರು. “ಭಾಳ ವರ್ಷ ಆಗಿತ್ತೋ ತಮ್ಮಾ.”

ಅಷ್ಟರಲ್ಲಿ ಕೌಸಲ್ಯಾ ಏದುಸಿರು ಬಿಡುತ್ತ ಬಂದರು. ವಿಷಯ ಕೇಳಿ, ಗುರುಪ್ರಕಾಶರ ಬೆರಳು ಚುಚ್ಚಿ ತಾವು ತಂದ ಮಿಷನಿನಲ್ಲಿ ಸಕ್ಕರೆ ನೋಡಿ, ಕುರ್ಚಿಯಲ್ಲಿ ಕುಸಿದರು.

“ಸದ್ಯ, ಅಪಾಯ ಇಲ್ಲ. ಆದ್ರೆ ಎರಡು ಮಾತ್ರೆಯ ಪ್ರಭಾವ, ಮತ್ತೆ ಇಳಿಯಬಹುದು. ನಾಳೆವರೆಗೆ ಯಾರಾದ್ರೂ ಎಚ್ಚರವಾಗಿ ಪಕ್ಕದಲ್ಲೇ ಕೂತಿರಬೇಕು.”

“ನಾ ಇತ್ತೀನಿ ಮೇದಂ,” ಎಂದ ಓಂಕಾರ್.

ಕೌಸಲ್ಯಾ ಹುಬ್ಬು ಗಂಟಿಕ್ಕಿದರು. “ಯಾಕ್ರೀ ತೊದಲ್ತಾ ಇದ್ದೀರಿ?”

ಓಂಕಾರ್ ಗೋಡೆಗೆ ಒರಗಿದ. ಗೋಡೆ ಅವನನ್ನು ಮೆಲ್ಲಗೆ ನೆಲಕ್ಕಿಳಿಸಿತು. ನೀಲಗಂಗಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡರು.

“ಅಯ್ಯನವರು ಗುಳಿಗಿ ತಗೊಳ್ಳವಲ್ರು, ಬಿಪಿ ಏರೈತಿ ಅಂತ ತಿಳದೆರಿ ಡಾಕ್ಟ್ರ. ಒಂದೀಟು ಸಮಾಧಾನ ಆಗಲಿ ಅಂತ ನನ್ನ ನಿದ್ದಿ ಗುಳಿಗಿ ಪುಡಿ ಮಾಡಿ ತೀರ್ಥದಾಗ ಹಾಕಿದ್ದೆ. ಇಂವ ಕುಡದಬಿಟ್ಟ.”

ಕೌಸಲ್ಯಾ ಅವನ ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಮಲಗಿಸಲು ಹೇಳಿದರು. ಸಂಜೆಯ ಪೂಜೆಯ ಗಂಟೆ ಬಾರಿಸುವಾಗ ಓಂಕಾರ್ ಗುರುಪ್ರಕಾಶರ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಒಂದು ಬದಿಗೆ ಗುರುಪ್ರಕಾಶರು, ಇನ್ನೊಂದು ಬದಿಗೆ ಉಪವಾಸ ಮುಗಿಸದ ಗುರುಶಾಂತಯ್ಯನವರು ಕೂತು, ಅವನ ಉಸಿರು ಕಾಯುತ್ತಿದ್ದರು.